ಯಾರ ಕಡೆಯ ಅಭಿಮಾನ?

'ಅಭಿಮಾನಿ' ಅಂದರೆ ಯಾರು ಅಂತ ಮಂಡ್ಯದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಸಿನಿಮಾ ಬಿಡುಗಡೆಯ ಹಿಂದಿನ ರಾತ್ರಿ ಟಾಕೀಸಿನ ಮುಂದೆ ಕಟೌಟ್ ನಿಲ್ಲಿಸಿ, ಸ್ಟಾರ್ ಕಟ್ಟಿ, ಬೆಳಗಾಗುತ್ತಲೇ ಹಾಲು ಸುರಿದು, ಪಟಾಕಿ ಹೊಡೆದು, ಗಾಂಧಿ ಕ್ಲಾಸಿನಲ್ಲಿ ಕೂತು ಶಿಳ್ಳೆ ಹಾಕುವವನು. ಇನ್ನೊಬ್ಬ ನಟನ ಸಂಘದವರು ಕಟ್ಟಿದ ಸ್ಟಾರು ತನ್ನದಕ್ಕಿಂತ ಗೇಣುದ್ದ ಮೇಲಿದ್ದರೆ ಕೈ ಮಿಲಾಯಿಸಲೂ ಹಿಂದೆಮುಂದೆ ನೋಡದವನು. ಈ ಪದ ಟಾಕೀಸಿನ ಬಾಗಿಲಿಗೆ ಬಂದು ನಿಂತದ್ದು ತೀರ ಈಚೆಗೆ. ಅದರ ಹಿಂದಿನ ಬಾಳು ಬಲು ದೊಡ್ಡದು.

ಮೂಲದಲ್ಲಿರುವುದು 'ಮನ್' ಎಂಬ ಧಾತು. ಎಣಿಸು, ಭಾವಿಸು ಎಂದು ಅರ್ಥ. 'ಅಭಿ' ಎಂದರೆ ಕಡೆಗೆ, ಎದುರಿಗೆ. ಸಾಂಖ್ಯಕಾರಿಕೆ ಅಹಂಕಾರಕ್ಕೆ ಲಕ್ಷಣ ಹೇಳುವಾಗ ಬಳಸುವುದೇ ಅಭಿಮಾನ ಎಂಬ ಮಾತನ್ನು. ಕಂಡದ್ದನ್ನೆಲ್ಲ 'ಇದು ನಾನು, ಇದು ನನ್ನದು' ಎಂದು ತನ್ನ ಲೆಕ್ಕಕ್ಕೆ ಸೇರಿಸಿಕೊಳ್ಳುವ ಮನಸ್ಸಿನ ಚಾಳಿ ಅದು. ಅಲ್ಲಿ ಅದು ಹೊಗಳಿಕೆಯಲ್ಲ, ಕಳಚಿಕೊಳ್ಳಬೇಕಾದ ಗಂಟು. 'ದೇಹಾಭಿಮಾನ ಬಿಡು' ಎಂದು ಇಂದಿಗೂ ಪ್ರವಚನಕಾರರು ಹೇಳುವುದು ಈ ಅರ್ಥದಲ್ಲಿಯೇ.

ಕವಿಗಳಿಗೆ ಮಾತ್ರ ಅದನ್ನು ಬಿಡುವ ಮನಸ್ಸಿರಲಿಲ್ಲ. ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಮಾನ್ಯಖೇಟದಲ್ಲಿ, ಅಂದರೆ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ, ಅಪಭ್ರಂಶ ಭಾಷೆಯಲ್ಲಿ ಮಹಾಪುರಾಣ ಬರೆದ ಪುಷ್ಪದಂತ ತನ್ನನ್ನು 'ಅಭಿಮಾನಮೇರು' ಎಂದು ಕರೆದುಕೊಂಡ. ವೇದಾಂತಿಗೆ ಕಳೆದುಕೊಳ್ಳಬೇಕಾದ ಕೊಳೆ, ಕವಿಗೆ ತಲೆಯೆತ್ತಿ ನಿಲ್ಲುವ ಬೆಟ್ಟ. ಕನ್ನಡದಲ್ಲಿ ಎರಡೂ ಅರ್ಥ ಒಂದೇ ಮನೆಯಲ್ಲಿ ಉಳಿದವು. ಜಗಳ ಬಂದಾಗಲೆಲ್ಲ ನಾವು ಒಂದಕ್ಕೆ 'ಸ್ವ', ಇನ್ನೊಂದಕ್ಕೆ 'ದುರ್' ಹಚ್ಚಿ ಬೇರೆ ಮಾಡುತ್ತೇವೆ. ನನ್ನ ಅಭಿಮಾನ ಸ್ವಾಭಿಮಾನ, ನಿನ್ನದು ದುರಭಿಮಾನ!

ಮಾಧ್ವರಲ್ಲಿ ಈ ಪದಕ್ಕೆ ಇನ್ನೊಂದು ಸೊಗಸಾದ ಬಾಳುವೆ ಇದೆ. ಒಂದೊಂದು ತತ್ತ್ವಕ್ಕೂ ಒಬ್ಬ ಅಭಿಮಾನಿ ದೇವತೆ. ಕಣ್ಣಿಗೆ ಸೂರ್ಯ, ಮಾತಿಗೆ ಅಗ್ನಿ. ಆ ವಸ್ತುವನ್ನು ತನ್ನದೆಂದು ಬಗೆದು ಅದರೊಳಗೆ ನಿಂತು ನಡೆಸುವವನೇ ಅಭಿಮಾನಿ. ಡಾ. ರಾಜ್‌ಕುಮಾರ್ ವೇದಿಕೆಯ ಮೇಲೆ ಕೈಮುಗಿದು 'ಅಭಿಮಾನಿ ದೇವರುಗಳೇ' ಎಂದಾಗ ಅವರಿಗೆ ಈ ಶಾಸ್ತ್ರ ನೆನಪಿತ್ತೆಂದು ನಾನು ಹೇಳುವುದಿಲ್ಲ. ಆದರೆ ಅದಕ್ಕಿಂತ ಕರಾರುವಾಕ್ಕಾದ ಮಾತು ಸಿಗುವುದು ಕಷ್ಟ. ಅಭಿಮಾನಿ ನಟನನ್ನು ಬರಿದೆ ಮೆಚ್ಚುವವನಲ್ಲ, 'ಇವನು ನನ್ನವನು' ಎಂದು ಒಡೆತನ ಹೂಡುವವನು.

ನಡುವೆ ಸ್ವಾತಂತ್ರ್ಯ ಚಳವಳಿ ಬಂತು, 'ದೇಶಾಭಿಮಾನ' ಬಂತು. 1938ರ ಏಪ್ರಿಲ್‌ನಲ್ಲಿ ಮದ್ದೂರಿನ ಪಕ್ಕದ ಶಿವಪುರದಲ್ಲಿ ನಿಷೇಧ ಮೀರಿ ಧ್ವಜ ಹಾರಿಸಿದವರು ದೇಶಾಭಿಮಾನಿಗಳು. ಕರ್ನಾಟಕ ಏಕೀಕರಣದ ಹೊತ್ತಿಗೆ 'ಕನ್ನಡಾಭಿಮಾನ'. 1982ರ ಗೋಕಾಕ್ ಚಳವಳಿಯಲ್ಲಿ ಭಾಷೆಯ ಅಭಿಮಾನಿಯೂ ರಾಜ್‌ಕುಮಾರ್ ಅಭಿಮಾನಿಯೂ ಒಂದೇ ಮೆರವಣಿಗೆಯಲ್ಲಿ ನಡೆದರು. ಅಲ್ಲಿಂದಾಚೆಗೆ ಅವರಿಬ್ಬರನ್ನು ಬೇರೆ ಮಾಡಿ ನೋಡುವುದು ಕಷ್ಟವಾಯಿತು.

ಬೇರೆ ನಾಡುಗಳಲ್ಲಿ ಅಭಿಮಾನಕ್ಕೆ ಸಿಕ್ಕ ಹೆಸರುಗಳೇ ಬೇರೆ. ಇಂಗ್ಲೆಂಡಿನ ಕಾಲ್ಚೆಂಡಿನ ಪುಂಡರು ತಮ್ಮ ಗುಂಪಿಗೆ ಇಟ್ಟುಕೊಂಡ ಹೆಸರು 'ಫರ್ಮ್', ವ್ಯಾಪಾರದ ಮಾತು. ವೆಸ್ಟ್ ಹ್ಯಾಮ್ ತಂಡದ ಕಡೆಯವರು ಪರಊರಿನ ಪಂದ್ಯಗಳಿಗೆ ಹತ್ತುತ್ತಿದ್ದ ಇಂಟರ್‌ಸಿಟಿ ರೈಲಿನ ಹೆಸರನ್ನೇ ತಮ್ಮ ಫರ್ಮಿಗೆ ಇಟ್ಟು, ಹೊಡೆಸಿಕೊಂಡವನ ಬಳಿ ವಿಸಿಟಿಂಗ್ ಕಾರ್ಡ್ ಬಿಟ್ಟುಹೋಗುತ್ತಿದ್ದರಂತೆ. ಇಟಲಿಯವರು ಅಭಿಮಾನಕ್ಕೆ ಜ್ವರದ ಹೆಸರಿಟ್ಟರು, ಅವರ 'ತಿಫೋ' ವಿಷಮಶೀತಜ್ವರದಿಂದ ಬಂದದ್ದು. ನಮ್ಮ ಪದದಲ್ಲಿ ವ್ಯಾಪಾರವೂ ಇಲ್ಲ, ಜ್ವರವೂ ಇಲ್ಲ. ಇರುವುದು 'ಮಾನ'. ಅದೇ ಹೆಚ್ಚು ಅಪಾಯದ್ದು ಎಂದು ನನಗನ್ನಿಸುತ್ತದೆ. ಜ್ವರ ಇಳಿಯುತ್ತದೆ, ಮಾನ ಹೋಯಿತೆಂದುಕೊಂಡವನು ಇಳಿಯುವುದಿಲ್ಲ. 2006ರ ಏಪ್ರಿಲ್ 12ರಂದು ರಾಜ್‌ಕುಮಾರ್ ತೀರಿಕೊಂಡಾಗ ಬೆಂಗಳೂರಿನಲ್ಲಿ ಕೊನೆಯ ದರ್ಶನಕ್ಕೆ ಬಂದವರೇ ಬಸ್ಸುಗಳಿಗೆ ಬೆಂಕಿ ಇಟ್ಟರು. ಗಲಭೆ, ಗೋಲಿಬಾರಿನಲ್ಲಿ ಒಬ್ಬ ಪೊಲೀಸನೂ ಸೇರಿ ಎಂಟು ಜನ ಸತ್ತರು. 'ನಮ್ಮವನನ್ನು ನಮಗೆ ತೋರಿಸುತ್ತಿಲ್ಲ' ಎಂಬುದು ಆ ಸಿಟ್ಟಿನ ತಿರುಳು.

ಆಗ ಮುಖ್ಯಮಂತ್ರಿಯಾಗಿದ್ದವರು ಎಚ್.ಡಿ. ಕುಮಾರಸ್ವಾಮಿ. 2018ರ ನವೆಂಬರ್ 24ರಂದು ಅಂಬರೀಶ್ ತೀರಿಕೊಂಡಾಗಲೂ ಅವರೇ. ಮದ್ದೂರು ತಾಲ್ಲೂಕಿನ ದೊಡ್ಡರಸಿನಕೆರೆಯಲ್ಲಿ ಹುಟ್ಟಿದ, 1994ರಲ್ಲಿ 'ಮಂಡ್ಯದ ಗಂಡು' ಚಿತ್ರ ಮಾಡಿ ಆ ಹೆಸರನ್ನೇ ಬಿರುದಾಗಿ ಹೊತ್ತ ನಟನ ಅಂತಿಮ ದರ್ಶನವನ್ನು ಬೆಂಗಳೂರಿನಲ್ಲೇ ಮುಗಿಸಿಬಿಟ್ಟರೆ ಮಂಡ್ಯ, ಮದ್ದೂರು, ಮಳವಳ್ಳಿಯ ಜನ ಸುಮ್ಮನಿರುತ್ತಿದ್ದರೇ? 'ಅಂಬಿಯಣ್ಣ ನಮ್ಮೋನು, ಒಂದ್ಸಲ ಇಲ್ಲಿಗೆ ಕರ್ಕೊಂಡ್ ಬನ್ನಿ' ಎಂಬ ಕೂಗು ಎದ್ದಿತು. ಮಾರನೆಯ ದಿನ ಹೆಲಿಕಾಪ್ಟರ್‌ನಲ್ಲಿ ಪಾರ್ಥಿವ ಶರೀರ ಮಂಡ್ಯದ ಸರ್ ಎಂ. ವಿಶ್ವೇಶ್ವರಯ್ಯ ಕ್ರೀಡಾಂಗಣಕ್ಕೆ ಬಂತು. ರಾತ್ರಿಯಿಡೀ ಸಾಲು ಕರಗಲಿಲ್ಲ. ಕಲ್ಲು ಬೀಳಲಿಲ್ಲ. ಹನ್ನೆರಡು ವರ್ಷದ ಹಿಂದಿನ ಪಾಠವನ್ನು ಸರ್ಕಾರ ಕಲಿತಿತ್ತು ಎನ್ನಬಹುದು. ಒಡೆತನವನ್ನು ಒಪ್ಪಿಕೊಂಡರೆ ಅಭಿಮಾನಿ ಬೆಂಕಿ ಹಚ್ಚುವುದಿಲ್ಲ.

ಮುಂದಿನ ವರ್ಷವೇ ಪದ ಮತ್ತೆ ಮಗ್ಗುಲು ಬದಲಿಸಿತು. 2019ರ ಲೋಕಸಭಾ ಚುನಾವಣೆಗೆ ಅಂಬರೀಶ್ ಪತ್ನಿ ಸುಮಲತಾ ಮಂಡ್ಯದಲ್ಲಿ ಪಕ್ಷೇತರರಾಗಿ ನಿಂತರು, ಎದುರಿಗೆ ಮುಖ್ಯಮಂತ್ರಿಯ ಮಗ ನಿಖಿಲ್. ಸುಮಲತಾ ಕಡೆಯ ಘೋಷಣೆ 'ಸ್ವಾಭಿಮಾನ'. ಪ್ರಚಾರಕ್ಕೆ ಬಂದ ನಟರಾದ ದರ್ಶನ್ ಮತ್ತು ಯಶ್ 'ಜೋಡೆತ್ತು' ಅನ್ನಿಸಿಕೊಂಡರು, ಎದುರಿನವರ ಬಾಯಲ್ಲಿ ಅದೇ 'ಕಳ್ಳೆತ್ತು' ಆಯಿತು. ರಾಗಿ, ಕಬ್ಬಿನ ಸೀಮೆಯಲ್ಲಿ ಉಪಮೆಗೆ ದೂರ ಹೋಗಬೇಕಿಲ್ಲವಲ್ಲ. ನೋಡಿ, ಟಾಕೀಸಿನ ಅಭಿಮಾನಿಗೆ ಒಂದೇ ಅಕ್ಷರ ಹಚ್ಚಿ ಅವನನ್ನು ಮತಗಟ್ಟೆಗೆ ಕರೆತಂದರು. ಅಂಬರೀಶಣ್ಣನ ಮೇಲಿದ್ದ ಅಭಿಮಾನ ಈಗ ಮಂಡ್ಯದ ಜನರ ಸ್ವಂತ ಮಾನವಾಯಿತು. ಗೆಲುವಿನ ಅಂತರ 1,25,876 ಮತ. ಮೇ 29ಕ್ಕೆ, ಅಂಬರೀಶ್ ಹುಟ್ಟುಹಬ್ಬದ ದಿನ, 'ಸ್ವಾಭಿಮಾನಿ ವಿಜಯೋತ್ಸವ' ನಡೆಯಿತು.

ಈ ಸೀಮೆಯ ಆಡುಮಾತಿನಲ್ಲಿ ಅಭಿಮಾನಿ ಎನ್ನುವುದಕ್ಕಿಂತ ಹೆಚ್ಚು ಓಡಾಡುವುದು 'ಕಡೆಯವನು'. 'ನೀನ್ ಯಾರ್ ಕಡೆಯವ್ನ್ಲಾ?' ಎಂದು ಟೀ ಅಂಗಡಿಯಲ್ಲಿ ಕೇಳುವ ಪ್ರಶ್ನೆ ನಟನಿಗೂ ಸಲ್ಲುತ್ತದೆ, ಪಕ್ಷಕ್ಕೂ, ಊರಿನ ಯಜಮಾನನಿಗೂ. ಸಂಸ್ಕೃತದ 'ಅಭಿ'ಯನ್ನು ಇಷ್ಟು ನೇರವಾಗಿ ಯಾವ ಪಂಡಿತರೂ ಕನ್ನಡಿಸಿಲ್ಲ. ಈ 'ಕಡೆ'ಗೆ ಮಗ್ಗುಲು ಬದಲಿಸುವ ಅನುಕೂಲವೂ ಉಂಟು. 2024ರಲ್ಲಿ ಸುಮಲತಾ ಬಿಜೆಪಿ ಸೇರಿದರು. ಮಂಡ್ಯದಲ್ಲಿ ಬಿಜೆಪಿ ಮೈತ್ರಿಯ ಅಭ್ಯರ್ಥಿಯಾಗಿ ಗೆದ್ದವರು ಕುಮಾರಸ್ವಾಮಿ. ಐದು ವರ್ಷದ ಹಿಂದೆ 'ಸ್ವಾಭಿಮಾನ' ಎಂದು ಗಂಟಲು ಹರಿಯುವಂತೆ ಕೂಗಿದವರಲ್ಲಿ ಎಷ್ಟೋ ಜನ ಆ ಸಲ ಯಾರ ಕಡೆ ಎಂದು ಹೇಳಲು ಸ್ವಲ್ಪ ಹೊತ್ತು ತೆಗೆದುಕೊಂಡಿರಬೇಕು.