ಯುದ್ಧ ಮಾಡದೆಯೇ ವಿಸರ್ಜನೆಗೊಂಡ ಪೂರ್ವ ಜರ್ಮನಿಯ ಸೇನೆ

ಸಮಾಜವಾದಿ ಪೂರ್ವ ಜರ್ಮನಿಯ ಸಶಸ್ತ್ರ ಪಡೆಯೇ ರಾಷ್ಟ್ರೀಯ ಜನತಾ ಸೇನೆ. 1956ರ ಮಾರ್ಚ್ 1ರಂದು ಸ್ಥಾಪನೆಗೊಂಡ ಇದರಲ್ಲಿ ಭೂದಳ, ವಾಯುದಳ ಹಾಗೂ ನೌಕಾದಳಗಳಿದ್ದವು. ಸೋವಿಯತ್ ನೇತೃತ್ವದ ವಾರ್ಸಾ ಒಪ್ಪಂದದ ಕೂಟದಲ್ಲಿ ಇದೂ ಸೇರಿತ್ತು.

ಆರಂಭದಲ್ಲಿ ಸೇನೆಗೆ ಸೇರುವುದು ಐಚ್ಛಿಕವಾಗಿತ್ತು. 1961ರಲ್ಲಿ ಬರ್ಲಿನ್ ಗೋಡೆ ನಿರ್ಮಾಣವಾಗಿ ಪಶ್ಚಿಮಕ್ಕೆ ಪಲಾಯನದ ದಾರಿ ಮುಚ್ಚಿತು. ಮರುವರ್ಷವೇ ಯುವಕರಿಗೆ 18 ತಿಂಗಳ ಕಡ್ಡಾಯ ಸೇವೆ ಜಾರಿಗೆ ಬಂದಿತು. ಆಯುಧ ಹಿಡಿಯಲೊಪ್ಪದವರಿಗಾಗಿ 1964ರಲ್ಲಿ ನಿರ್ಮಾಣ ಕಾರ್ಯದ ನಿರಾಯುಧ ದಳಗಳನ್ನು ರಚಿಸಲಾಯಿತು. ಆದರೆ ಈ ದಾರಿ ಹಿಡಿದ ಅನೇಕರಿಗೆ ಮುಂದೆ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತು. ಆತ್ಮಸಾಕ್ಷಿಗೆ ಅವರು ತೆತ್ತ ಬೆಲೆಯದು.

1989ರಲ್ಲಿ ಜನರು ಆಡಳಿತದ ವಿರುದ್ಧ ಬೀದಿಗಿಳಿದಾಗ ಈ ಸೇನೆ ಅವರ ಮೇಲೆ ಗುಂಡು ಹಾರಿಸಲಿಲ್ಲ. 1990ರ ಅಕ್ಟೋಬರ್ 2ರಂದು ಸೇನೆ ವಿಸರ್ಜನೆಗೊಂಡಿತು. ಮರುದಿನ ಎರಡೂ ಜರ್ಮನಿಗಳು ಒಂದಾದವು. ಯೋಧರಲ್ಲಿ ಕೆಲವರಿಗೆ ಮಾತ್ರ ಏಕೀಕೃತ ದೇಶದ ಸೇನೆಯಲ್ಲಿ ಸ್ಥಾನ ದೊರೆಯಿತು.