ಅರ್ಜಿಗೆ ತಾರೀಖು ಹಾಕುವವರು ಯಾರು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಬಯಲುಸೀಮೆಯ ರೈತನಿಗೆ ಪಹಣಿ ಬರಿಯ ಕಾಗದವಲ್ಲ. ಬೆಳೆ ಸಾಲಕ್ಕೂ ಬರಪರಿಹಾರಕ್ಕೂ ಅದೇ ಆಧಾರ. ತಂದೆ ತೀರಿಕೊಂಡ ಮೇಲೆ ಪೌತಿ ಖಾತೆ ಆಗದಿದ್ದರೆ, ಉಳುವ ಹೊಲವಿದ್ದರೂ ಬ್ಯಾಂಕಿನಲ್ಲಿ ಸಾಲ ಹುಟ್ಟುವುದು ಕಷ್ಟ.

ಹಳೆಯ ಮೈಸೂರು ಸೀಮೆಯಲ್ಲಿ ಹಳ್ಳಿಯ ಲೆಕ್ಕವೆಲ್ಲ ವಂಶಪಾರಂಪರ್ಯವಾಗಿ ಶಾನುಭೋಗರ ಕೈಯಲ್ಲಿತ್ತು. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರಲ್ಲಿ ಜಾರಿಯಾಗಿ, ಅವರ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರು ಬಂದರು. ಪುಸ್ತಕ ಮಾತ್ರ ಕೈಬರಹದ್ದೇ ಆಗಿ ಉಳಿಯಿತು. ಯಾರ ಅರ್ಜಿ ಎಂದು ಬಂತು, ಯಾರದು ಮೊದಲು ಎಂಬುದು ಬಹುಮಟ್ಟಿಗೆ ಪುಸ್ತಕ ಹಿಡಿದವರ ಮರ್ಜಿಗೆ ಬಿಟ್ಟ ಮಾತಾಗಿತ್ತು.

ಈ ಪದ್ಧತಿಯನ್ನು ಬದಲಿಸಿದ್ದು ‘ಭೂಮಿ’ ಯೋಜನೆ. 2002ರ ಹೊತ್ತಿಗೆ ರಾಜ್ಯದ ಆಗಿನ 177 ತಾಲ್ಲೂಕುಗಳಲ್ಲಿ, ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಏರಿದವು. ಆರಂಭದಲ್ಲಿ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯಲ್ಲೇ ಪಹಣಿ ಸಿಗುತ್ತಿತ್ತು. ಖಾತೆ ಬದಲಾವಣೆಗೆ ಬಂದವರು ಸರ್ವೆ ನಂಬರನ್ನೂ ಹೆಸರನ್ನೂ ಹೇಳಬಹುದು. ಆದರೆ ಅರ್ಜಿಯ ಕ್ರಮಸಂಖ್ಯೆ, ವೇಳೆಗಳನ್ನು ಕೊಡುವುದು ಕಂಪ್ಯೂಟರ್. ಮೊದಲು ಬಂದ ಅರ್ಜಿಯದೇ ಮೊದಲ ಸರದಿ. ದಾಖಲೆ ತಿದ್ದುವ ಸಿಬ್ಬಂದಿ ತಮ್ಮ ಬೆರಳಚ್ಚು ಕೊಟ್ಟೇ ಒಳಹೋಗಬೇಕು.

ಕೇಳುವವನ ಪಾಲೆಷ್ಟು, ದಾಖಲೆ ಕಾಯುವವನ ಪಾಲೆಷ್ಟು ಎಂಬ ಈ ಪ್ರಶ್ನೆ ಕಂಪ್ಯೂಟರುಗಳ ನಡುವೆಯೂ ಉಂಟು. ಒಂದು ಯಂತ್ರದಲ್ಲಿರುವ ಕಡತಗಳನ್ನು ದೂರದ ಯಂತ್ರಗಳು ಬಳಸಲೆಂದು ಅಮೆರಿಕದ ಸನ್ ಮೈಕ್ರೊಸಿಸ್ಟಮ್ಸ್ ಕಂಪನಿ 1984ರಲ್ಲಿ ಎನ್‌ಎಫ್‌ಎಸ್ ಎಂಬ ವ್ಯವಸ್ಥೆಯನ್ನು ರೂಪಿಸಿತು. ಅಲ್ಲಿ ಹೊಸ ಕಡತ ಬೇಕೆಂಬ ಕೋರಿಕೆಯ ಜೊತೆಗೇ ಅದರ ಮಾಲೀಕ ಯಾರು, ಓದುವ ಬರೆಯುವ ಅನುಮತಿ ಯಾರಿಗೆ ಎಂಬ ವಿವರಗಳನ್ನೂ ಕಳುಹಿಸಬಹುದು. ಕೇಳಿದ್ದೆಲ್ಲವನ್ನೂ ಸರ್ವರ್ ಒಪ್ಪಲೇಬೇಕೆಂದಿಲ್ಲ. ತನ್ನ ಕಡತಕ್ಕೆ ಇನ್ನೊಬ್ಬನನ್ನು ಮಾಲೀಕನೆಂದು ಬರೆಯಲು ಸಾಮಾನ್ಯ ಬಳಕೆದಾರನಿಗೆ ಅದು ಸಾಧಾರಣವಾಗಿ ಬಿಡುವುದಿಲ್ಲ. 2003ರಲ್ಲಿ ಪರಿಷ್ಕೃತಗೊಂಡ ನಾಲ್ಕನೆಯ ಆವೃತ್ತಿಯ ನಿಯಮದಂತೆ, ಕೇಳಿದ ವಿವರಗಳಲ್ಲಿ ಯಾವುವನ್ನು ದಾಖಲಿಸಲಾಯಿತು ಎಂಬುದನ್ನು ಸರ್ವರ್ ಉತ್ತರದಲ್ಲಿ ತಿಳಿಸಬೇಕು. ಕೇಳಿದವನು ಅದನ್ನು ನೋಡಿಕೊಂಡು ಮುಂದುವರಿಯಬೇಕು.

ತಾಲ್ಲೂಕು ಕಚೇರಿಯ ಸ್ವೀಕೃತಿ ಚೀಟಿಗೂ ಇದೇ ಮಹತ್ವ. ಅರ್ಜಿ ಸೇರಿದ ದಿನಕ್ಕೆ ಅದು ರೈತನ ಕೈಯಲ್ಲಿರುವ ಸಾಕ್ಷಿ. ಹಾಗೆಂದು ಎಲ್ಲವೂ ಸರಿಹೋಯಿತು ಎನ್ನುವಂತಿಲ್ಲ. ಹಳೆಯ ಪುಸ್ತಕದಲ್ಲಿ ತಪ್ಪಿದ್ದ ಹೆಸರು ಕಂಪ್ಯೂಟರಿನಲ್ಲೂ ತಪ್ಪಾಗಿಯೇ ಕೂರುತ್ತದೆ. ಅದನ್ನು ಸರಿಪಡಿಸಲು ಮತ್ತೆ ಅರ್ಜಿಯನ್ನೇ ಕೊಡಬೇಕು. ಯಂತ್ರ ಕಾಯುವುದು ಸರದಿಯನ್ನು. ಬರೆದದ್ದು ನಿಜವೇ ಎಂದು ನೋಡುವ ಹೊಣೆ ಇಂದಿಗೂ ಮನುಷ್ಯರದೇ.