ಒಂದು ಶಾಲಾ ಬಸ್ ಕೇಳಿದ ರೈತರು

ಅಮೆರಿಕದ ಸುಪ್ರೀಂ ಕೋರ್ಟ್ 1954ರ ಮೇ 17ರಂದು ಕೊಟ್ಟ ಬ್ರೌನ್ ತೀರ್ಪಿನ ಹೆಸರು ನಿಮ್ಮಲ್ಲಿ ಕೆಲವರಾದರೂ ಕೇಳಿರಬಹುದು. ಸರ್ಕಾರಿ ಶಾಲೆಗಳಲ್ಲಿ ಕಪ್ಪು ಮಕ್ಕಳನ್ನೂ ಬಿಳಿಯ ಮಕ್ಕಳನ್ನೂ ಬೇರೆ ಬೇರೆ ಇಡುವುದು ಸಂವಿಧಾನಕ್ಕೆ ವಿರುದ್ಧ ಎಂದ ತೀರ್ಪು ಅದು. ಆ ದಿನ ಐದು ಕಡೆಯ ಮೊಕದ್ದಮೆಗಳು ತೀರ್ಮಾನವಾದವು. ಅವುಗಳಲ್ಲೊಂದು ಹುಟ್ಟಿದ್ದು ಹತ್ತಿ ಬೆಳೆಯುವ ಹಳ್ಳಿಗಾಡಿನಲ್ಲಿ, ಒಂದು ಬಸ್ಸಿನ ಬೇಡಿಕೆಯಿಂದ. ನಾವು ಇಲ್ಲಿ ಹೇಳುತ್ತಿರುವುದು ಆ ಹಳ್ಳಿಯವರ ಕಥೆ.

ಊರು ಇರುವುದು ಸೌತ್ ಕೆರೊಲಿನಾ ರಾಜ್ಯದ ಕ್ಲಾರೆಂಡನ್ ಕೌಂಟಿಯಲ್ಲಿ. ಕೌಂಟಿ ಎಂದರೆ ನಮ್ಮ ಜಿಲ್ಲೆಯ ಹಾಗೆ. ಆಗ ಅಲ್ಲಿ ಕಪ್ಪು ಜನರೇ ಹೆಚ್ಚಿದ್ದರು. ಜಮೀನು, ಅಂಗಡಿ, ಬ್ಯಾಂಕು ಹೆಚ್ಚಾಗಿ ಬಿಳಿಯರ ಕೈಯಲ್ಲಿದ್ದವು. ಬಿಳಿಯ ಮಕ್ಕಳಿಗೆ 30 ಶಾಲಾ ಬಸ್ಸುಗಳಿದ್ದವು, ಕಪ್ಪು ಮಕ್ಕಳಿಗೆ ಒಂದೂ ಇರಲಿಲ್ಲ. ಕೆಲವು ಮಕ್ಕಳು ಸುಮಾರು 14 ಕಿಲೋಮೀಟರ್ ನಡೆದು ಶಾಲೆ ಸೇರಬೇಕಿತ್ತು. ಸರ್ಕಾರ ಬಿಳಿಯ ಮಗುವಿಗೆ ವರ್ಷಕ್ಕೆ 179 ಡಾಲರ್ ಖರ್ಚು ಮಾಡಿದರೆ, ಕಪ್ಪು ಮಗುವಿಗೆ 43 ಡಾಲರ್.

ಇದಕ್ಕೆಲ್ಲ ಕಾನೂನಿನ ರಕ್ಷಣೆ ಇತ್ತು. ರೈಲಿನ ಬೋಗಿಗಳ ವಿಚಾರದಲ್ಲಿ ಇದೇ ಸುಪ್ರೀಂ ಕೋರ್ಟ್ 1896ರಲ್ಲಿ, ಬೇರೆ ಇಟ್ಟರೂ ಸೌಲಭ್ಯ ಸಮಾನವಾಗಿದ್ದರೆ ತಪ್ಪಿಲ್ಲ ಎಂದಿತ್ತು. 'ಬೇರೆ' ಎನ್ನುವುದು ಎಲ್ಲ ಕಡೆ ಜಾರಿಯಾಯಿತು. 'ಸಮಾನ' ಎನ್ನುವುದನ್ನು ಯಾರೂ ಕೇಳಲಿಲ್ಲ.

ಕೇಳಿದವರು ಜೋಸೆಫ್ ಡಿಲೇನ್ ಎಂಬ ಪಾದ್ರಿ. ಅವರು ಶಾಲಾ ಮೇಷ್ಟ್ರೂ ಆಗಿದ್ದರು. ಊರವರು ತಾವೇ ಹಣ ಕೂಡಿಸಿ ಹಳೆಯ ಬಸ್ಸೊಂದನ್ನು ಕೊಂಡರು. ಅದು ಪದೇ ಪದೇ ಕೆಟ್ಟು ನಿಲ್ಲುತ್ತಿತ್ತು. ಪೆಟ್ರೋಲ್ ಖರ್ಚನ್ನಾದರೂ ಕೊಡಿ ಎಂದರೆ ಅಧಿಕಾರಿಗಳು ಒಪ್ಪಲಿಲ್ಲ. ಕೊನೆಗೆ ಲೀವೈ ಪಿಯರ್ಸನ್ ಎಂಬ ರೈತ 1947ರಲ್ಲಿ ಬಸ್ ಬೇಕೆಂದು ಅರ್ಜಿ ಕೊಟ್ಟು, ಆಮೇಲೆ ಕೋರ್ಟಿಗೂ ಹೋದರು. 1948ರಲ್ಲಿ ಮೊಕದ್ದಮೆ ಬಿದ್ದುಹೋಯಿತು. ಕಾರಣ, ಅವರ ಜಮೀನು ಶಾಲಾ ವಲಯಗಳ ಗಡಿಯ ಮೇಲಿತ್ತು. ತೆರಿಗೆ ಕಟ್ಟಿದ್ದು ಒಂದು ವಲಯಕ್ಕೆ, ಮಕ್ಕಳು ಓದುತ್ತಿದ್ದದ್ದು ಇನ್ನೊಂದರಲ್ಲಿ. ಅಷ್ಟರಲ್ಲಿ ಅವರಿಗೆ ಸಾಲ ಸಿಗುವುದು ನಿಂತಿತ್ತು. ಕಟಾವಿಗೆ ಯಂತ್ರ ಕೊಡುವವರಿಲ್ಲದೆ ಬೆಳೆ ಹೊಲದಲ್ಲೇ ಹಾಳಾಯಿತು.

ಎನ್‌ಎಎಸಿಪಿ ಸಂಘಟನೆಯ ವಕೀಲ ಥರ್ಗುಡ್ ಮಾರ್ಷಲ್ ಈ ಸಲ ಒಬ್ಬರನ್ನೇ ನೆಚ್ಚಿಕೊಳ್ಳಲಿಲ್ಲ. ಕನಿಷ್ಠ 20 ಮಂದಿ ಮುಂದೆ ಬರಬೇಕು, ಬಸ್ ಮಾತ್ರವಲ್ಲ ಎಲ್ಲ ಸೌಲಭ್ಯವನ್ನೂ ಕೇಳೋಣ ಎಂದರು. 1949ರ ನವೆಂಬರ್ ಹೊತ್ತಿಗೆ ತಂದೆತಾಯಿ, ಮಕ್ಕಳು ಸೇರಿ ನೂರಕ್ಕೂ ಹೆಚ್ಚು ಸಹಿಗಳಾದವು. ಮೊದಲ ಹೆಸರು ಹ್ಯಾರಿ ಬ್ರಿಗ್ಸ್ ಅವರದು. ನೌಕಾಪಡೆಯಲ್ಲಿದ್ದು ಬಂದಿದ್ದ ಅವರು ಪೆಟ್ರೋಲ್ ಬಂಕಿನಲ್ಲಿ ಕೆಲಸ ಮಾಡುತ್ತಿದ್ದರು. ಕ್ರಿಸ್‌ಮಸ್ ಹಿಂದಿನ ದಿನ ಅವರ ಕೆಲಸ ಹೋಯಿತು. ಹೆಂಡತಿ ಎಲೈಜಾ ಅವರ ಕೆಲಸವೂ ಹೋಯಿತು. ದುಡಿಮೆ ಹುಡುಕಿಕೊಂಡು ಹ್ಯಾರಿ ಫ್ಲಾರಿಡಾಕ್ಕೆ ಹೋಗಬೇಕಾಯಿತು.

ಮೊಕದ್ದಮೆಯ ದಿಕ್ಕು ಬದಲಾದದ್ದು ವೇಟೀಸ್ ವೇರಿಂಗ್ ಎಂಬ ಬಿಳಿಯ ನ್ಯಾಯಾಧೀಶರಿಂದ. ಸಮಾನ ಸೌಲಭ್ಯ ಕೇಳುವುದು ಸಾಲದು, ಬೇರೆ ಇಡುವ ಕಾನೂನನ್ನೇ ನೇರವಾಗಿ ಪ್ರಶ್ನಿಸಿ ಎಂದು ಅವರು ಮಾರ್ಷಲ್‌ಗೆ ಸೂಚಿಸಿದರು. ಮಕ್ಕಳ ಮನಸ್ಸಿನ ಮೇಲೆ ಆಗುವ ಪೆಟ್ಟನ್ನು ತೋರಿಸಲು ಮನಶ್ಶಾಸ್ತ್ರಜ್ಞ ಕೆನೆತ್ ಕ್ಲಾರ್ಕ್ ಅಲ್ಲಿನ 16 ಕಪ್ಪು ಮಕ್ಕಳ ಮುಂದೆ ಗೊಂಬೆಗಳನ್ನು ಇಟ್ಟರು. ಹೆಚ್ಚಿನ ಮಕ್ಕಳು ಬಿಳಿಯ ಗೊಂಬೆಯೇ ಚೆಂದ, ಕಪ್ಪು ಗೊಂಬೆ ಕೆಟ್ಟದ್ದು ಎಂದರು. 1951ರಲ್ಲಿ ಮೂವರು ನ್ಯಾಯಾಧೀಶರಲ್ಲಿ ಇಬ್ಬರು ಹಳ್ಳಿಯವರ ವಿರುದ್ಧ ತೀರ್ಪು ಕೊಟ್ಟರು. ವೇರಿಂಗ್ ಒಬ್ಬರೇ, ಬೇರೆ ಇಡುವುದೇ ಅಸಮಾನತೆ ಎಂದು ಬರೆದರು. ಮೂರು ವರ್ಷದ ನಂತರ ಸುಪ್ರೀಂ ಕೋರ್ಟಿನ ಒಂಬತ್ತೂ ನ್ಯಾಯಾಧೀಶರು ಆ ಮಾತನ್ನು ಒಪ್ಪಿಕೊಂಡರು.

ಗೆದ್ದವರಿಗೆ ಸಿಕ್ಕಿದ್ದೇನು? 1955ರಲ್ಲಿ ಸುಪ್ರೀಂ ಕೋರ್ಟ್ ಜಾರಿಗೆ ಗಡುವು ಹಾಕಲಿಲ್ಲ. ಕ್ಲಾರೆಂಡನ್‌ನ ಸಮರ್ಟನ್ ಊರಿನಲ್ಲಿ ಬಿಳಿಯರ ಶಾಲೆಗೆ ಕಪ್ಪು ಮಕ್ಕಳು ಕಾಲಿಟ್ಟದ್ದು 1965ರಲ್ಲಿ. ಬಿಳಿಯರು ತಮ್ಮ ಮಕ್ಕಳನ್ನು ಖಾಸಗಿ ಶಾಲೆಗೆ ಸೇರಿಸಿದರು. ಡಿಲೇನ್ ಅವರ ಮನೆ 1951ರಲ್ಲಿ ಸುಟ್ಟುಹೋಗಿತ್ತು, 1955ರಲ್ಲಿ ಚರ್ಚಿಗೂ ಬೆಂಕಿ ಬಿತ್ತು. ಮನೆಯತ್ತ ಗುಂಡು ಹಾರಿಸಿದವರ ಮೇಲೆ ತಿರುಗಿ ಗುಂಡು ಹಾರಿಸಿದರೆಂದು ಅವರ ಮೇಲೆಯೇ ವಾರಂಟ್ ಹೊರಟಿತು. ಅವರು ನ್ಯೂಯಾರ್ಕಿಗೆ ಓಡಿಹೋದರು. ಆ ಕೇಸು ರದ್ದಾದದ್ದು 2000ದಲ್ಲಿ, ಅವರು ತೀರಿಕೊಂಡು 26 ವರ್ಷ ಕಳೆದ ಮೇಲೆ.

ಮಾರ್ಷಲ್ ಮುಂದೆ ಸುಪ್ರೀಂ ಕೋರ್ಟಿನ ಮೊದಲ ಕಪ್ಪು ನ್ಯಾಯಮೂರ್ತಿಯಾದರು. ಅದಕ್ಕೆ ಅವರು ಅರ್ಹರೇ. ಆದರೆ ಸಹಿ ಹಾಕುವವರು ಇಲ್ಲದಿದ್ದರೆ ವಕೀಲರಿಗೆ ವಾದಿಸಲು ಮೊಕದ್ದಮೆಯೇ ಇರುತ್ತಿರಲಿಲ್ಲ. ಸಹಿ ಹಾಕಿದರೆ ಸಾಲ, ಕೂಲಿ, ಮನೆ ಏನಾದರೂ ಹೋಗಬಹುದೆಂದು ಗೊತ್ತಿದ್ದೇ ಅವರು ಹಾಕಿದರು. ಮುಂದೆ ಎಲ್ಲಾದರೂ ಬ್ರೌನ್ ತೀರ್ಪಿನ ಹೆಸರು ಕಂಡರೆ ಪಿಯರ್ಸನ್, ಬ್ರಿಗ್ಸ್, ಡಿಲೇನ್ ಎಂಬ ಹೆಸರುಗಳನ್ನೂ ನೆನೆಯಿರಿ. ಅವರು ಮೊದಲು ಕೇಳಿದ್ದು ಒಂದೇ ಒಂದು ಬಸ್ಸು.